‘ಗಂಡನನ್ನೂ ಕರೆದುಕೊಂಡು ಬನ್ನಿ’ ಎಂದ ಮೇಲೆ

ಈ ಪ್ರಕರಣದ ಮಹಿಳೆಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ, ಕೆಲವನ್ನು ಬಿಟ್ಟಿದ್ದೇನೆ.

ಆರು ತಿಂಗಳಲ್ಲಿ ಮೂರನೆಯ ಸಲ ಬಿಳಿಸೆರಗು ಮತ್ತು ಕೆಳಹೊಟ್ಟೆ ನೋವಿನಿಂದ ಬಂದಿದ್ದ ಅವರನ್ನು, ಎಚ್‌ಐವಿ ಪರೀಕ್ಷೆಯೂ ಆಗಲಿ ಎಂದು ವೈದ್ಯರು ಸಲಹೆಗಾರರ ಕೆಲಸದಲ್ಲಿರುವ ನನ್ನ ಬಳಿಗೆ ಕಳುಹಿಸಿದ್ದರು. ವಯಸ್ಸು ಮೂವತ್ತರ ಆಸುಪಾಸು, ಮದುವೆಯಾಗಿ ಎಂಟು ವರ್ಷ. ಪರೀಕ್ಷೆಗೆ ಮುಂಚಿನ ಪ್ರಶ್ನೆಗಳಿಗೆಲ್ಲ ಒಂದೊಂದೇ ಮಾತಿನ ಉತ್ತರ ಕೊಡುತ್ತಿದ್ದವರು, ಕಾಂಡೋಮ್ ಬಳಸುತ್ತೀರಾ ಎಂದು ಕೇಳಿದಾಗ ಮಾತ್ರ ಸ್ವಲ್ಪ ತಡೆದು, “ಅದನ್ನು ನಾನು ಕೇಳುವ ಹಾಗಿಲ್ಲ” ಎಂದರು. ಆ ಮಾತಿನ ಹಿಂದೆ ಏನಿದೆ ಎಂದು ವಿಚಾರಿಸಬೇಕಿದ್ದ ನಾನು, ಹೊರಗೆ ಕಾಯುತ್ತಿದ್ದವರ ಸಾಲನ್ನು ನೋಡಿ, ‘ಬಳಕೆ ಇಲ್ಲ’ ಎಂದು ಬರೆದುಕೊಂಡು ಮುಂದೆ ಹೋದೆ. ವರದಿಯಲ್ಲಿ ಎಚ್‌ಐವಿ ಸೋಂಕು ಕಂಡುಬರಲಿಲ್ಲ. ಅವರಿಗಿದ್ದಂಥ ಲೈಂಗಿಕ ರೋಗಕ್ಕೆ ಇಬ್ಬರೂ ಒಟ್ಟಿಗೆ ಚಿಕಿತ್ಸೆ ಪಡೆಯದಿದ್ದರೆ ಅದು ಮರಳಿ ಬರಬಹುದು ಎಂದು ವಿವರಿಸಿ, ಎಲ್ಲರಿಗೂ ಹೇಳುವಂತೆ ಅವರಿಗೂ “ಮುಂದಿನ ಸಲ ಗಂಡನನ್ನೂ ಕರೆದುಕೊಂಡು ಬನ್ನಿ” ಎಂದೆ.

ಹತ್ತು ದಿನಗಳ ನಂತರ ಅವರು ಒಬ್ಬರೇ ಬಂದರು. ನನ್ನ ಮಾತನ್ನು ಅವರು ಮನೆಯಲ್ಲಿ ಹೇಳಿದ್ದರು. “ನನ್ನ ಮೇಲೆ ಅನುಮಾನವೋ, ಇಲ್ಲ ನೀನೇ ಎಲ್ಲಿಂದಲಾದರೂ ಅಂಟಿಸಿಕೊಂಡು ಬಂದಿದ್ದೀಯೋ” ಎಂದು ಕೇಳಿದ ಗಂಡ ಹೊಡೆದಿದ್ದ, ಆ ರಾತ್ರಿ ಬಲವಂತವಾಗಿ ಕೂಡಿದ್ದ. ಇದು ಮೊದಲ ಸಲವೇನೂ ಅಲ್ಲ ಎಂಬುದೂ ಆಗಲೇ ತಿಳಿದದ್ದು. ಘಟನೆ ನಡೆದು ಸುಮಾರು ಮೂವತ್ತಾರು ಗಂಟೆ ಕಳೆದಿತ್ತು.

ಇಂಥ ಸಂದರ್ಭದಲ್ಲಿ ಗಂಟೆಗಳ ಲೆಕ್ಕ ಮುಖ್ಯವಾಗುತ್ತದೆ. ಸೋಂಕಿನ ಸಂಪರ್ಕವಾಗಿರಬಹುದಾದ ಸಮಯದಿಂದ 72 ಗಂಟೆಗಳ ಒಳಗೆ, ಸಾಧ್ಯವಾದಷ್ಟು ಬೇಗ, ‘ಪೆಪ್’ ಎಂಬ ಎಚ್‌ಐವಿ ತಡೆ ಔಷಧಿಯನ್ನು ಆರಂಭಿಸಿ 28 ದಿನ ತಪ್ಪದೆ ನುಂಗಿದರೆ ಸೋಂಕು ನೆಲೆಯೂರುವುದನ್ನು ಬಹುಮಟ್ಟಿಗೆ ತಡೆಯಬಹುದು. ಅಪರಿಚಿತನಿಂದ ಅತ್ಯಾಚಾರವಾದಾಗ ಈ ಔಷಧಿ ನಮಗೆ ತಕ್ಷಣ ನೆನಪಾಗುತ್ತದೆ. ಗಂಡನೇ ಬಲವಂತ ಮಾಡಿದಾಗ ನೆನಪಾಗುವುದಿಲ್ಲ. ವೈರಾಣುವಿಗೆ ಆ ವ್ಯತ್ಯಾಸ ಗೊತ್ತಿಲ್ಲ. ಆತನ ಸೋಂಕಿನ ಸ್ಥಿತಿ ಯಾರಿಗೂ ತಿಳಿದಿರಲಿಲ್ಲ, ಇವರಿಗೆ ಲೈಂಗಿಕ ರೋಗ ಪದೇ ಪದೇ ಬರುತ್ತಿತ್ತು, ಮೈಮೇಲೆ ಗಾಯಗಳಿದ್ದವು. ಅಂದೇ ವೈದ್ಯರು ಪೆಪ್ ಆರಂಭಿಸಿದರು. ಅದರ ಜೊತೆಗೆ ಗರ್ಭಪರೀಕ್ಷೆ, ಐದು ದಿನಗಳೊಳಗೆ ತೆಗೆದುಕೊಳ್ಳಬೇಕಾದ ತುರ್ತು ಗರ್ಭನಿರೋಧಕ, ಹೆಪಟೈಟಿಸ್ ಬಿ ತಪಾಸಣೆ, ಲೈಂಗಿಕ ರೋಗದ ಚಿಕಿತ್ಸೆ ಇವೂ ಆದವು. ಗಾಯಗಳನ್ನು ದಾಖಲಿಸುವುದು ಬೇಕೇ ಎಂದು ಕೇಳಿದಾಗ ಅವರು ಬೇಕೆಂದರು. ಬೇಡವೆಂದಿದ್ದರೆ ನಾವು ಒತ್ತಾಯಿಸುತ್ತಿರಲಿಲ್ಲ.

“ನಾನು ಬೇರೆ ಯಾರ ಹತ್ತಿರವೂ ಹೋದವಳಲ್ಲ. ನನಗೆ ಹೇಗೆ ಬರುತ್ತದೆ?” ಎಂದು ಅವರು ಕೇಳಿದರು. ಮದುವೆಯೇ ರಕ್ಷಣೆ ಎಂದು ನಂಬಿದವರೆಲ್ಲ ಕೇಳುವ ಈ ಪ್ರಶ್ನೆಗೆ ನಾನು ಸಮಯ ತೆಗೆದುಕೊಂಡು ಉತ್ತರಿಸಿದೆ. ಬಲವಂತದ ಸಂಭೋಗದಲ್ಲಿ ಯೋನಿಯ ಒಳಪದರ ಒಣಗಿದ್ದು ತರಚಿ ಹರಿಯುವುದರಿಂದ ವೈರಾಣುವಿಗೆ ಒಳದಾರಿ ಸಿಗುತ್ತದೆ. ಲೈಂಗಿಕ ರೋಗದ ಹುಣ್ಣು, ಉರಿಯೂತಗಳಿದ್ದರೆ ಆ ದಾರಿ ಇನ್ನೂ ಸಲೀಸಾಗುತ್ತದೆ. ಆದರೆ ಗಾಯವೊಂದನ್ನೇ ನೋಡಿದರೆ ಅಪಾಯದ ಸಣ್ಣ ಪಾಲನ್ನಷ್ಟೇ ನೋಡಿದಂತೆ. ಹೆಂಡತಿಯನ್ನು ಹೊಡೆಯುವ ಗಂಡಸರಲ್ಲಿ ಹಲವು ಸಂಗಾತಿಗಳನ್ನು ಹೊಂದಿರುವುದು, ಕಾಂಡೋಮ್ ಬಳಸದಿರುವುದು, ಲೈಂಗಿಕ ರೋಗವಿರುವುದು ಉಳಿದವರಿಗಿಂತ ಹೆಚ್ಚಾಗಿ ಕಂಡುಬಂದಿದೆ. ಅಂದರೆ ಏಟು ಬೀಳುವ ಮನೆಯಲ್ಲಿ ಸೋಂಕು ಒಳಗೆ ಬರುವ ಸಾಧ್ಯತೆಯೂ ಹೆಚ್ಚು, ಬೇಡ ಎನ್ನುವ ಅವಕಾಶವೂ ಕಡಿಮೆ. ಪೆಟ್ಟಿನ ಭಯದಿಂದ ಪರೀಕ್ಷೆಗೆ ಬರುವುದು ತಡವಾಗುತ್ತದೆ, ಖಿನ್ನತೆ ಆವರಿಸಿದಾಗ ತನ್ನ ಆರೋಗ್ಯದ ಕಾಳಜಿಯೇ ಹಿಂದೆ ಸರಿಯುತ್ತದೆ. ಸಂಗಾತಿಯ ಹಿಂಸೆಗೆ ಒಳಗಾದ ಮಹಿಳೆಯರಿಗೆ ಎಚ್‌ಐವಿ ತಗಲುವ ಸಾಧ್ಯತೆ ಕೆಲವು ಪ್ರದೇಶಗಳಲ್ಲಿ ಒಂದೂವರೆ ಪಟ್ಟು ಹೆಚ್ಚಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರ ವರದಿಯಲ್ಲಿ ಹೇಳಿರುವುದಕ್ಕೆ ಇಂಥ ಹಲವು ಕಾರಣಗಳು ಕೂಡಿಕೊಂಡಿವೆ.

ಹೆದರಿಸಿ ಕಳುಹಿಸಬಾರದೆಂದು ಇನ್ನೊಂದು ಮಾತನ್ನೂ ಹೇಳಿದೆ. ಸೋಂಕಿರುವ, ಚಿಕಿತ್ಸೆ ಪಡೆಯದ ಪುರುಷನೊಂದಿಗೆ ಒಮ್ಮೆ ಯೋನಿ ಸಂಭೋಗವಾದಾಗ ಮಹಿಳೆಗೆ ಸೋಂಕು ತಗಲುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಸುಮಾರು 8 ಎಂಬ ಅಂದಾಜಿದೆ. ಗಾಯ ಮತ್ತು ಲೈಂಗಿಕ ರೋಗಗಳಿಂದ ಅದು ಏರುತ್ತದೆ, ಇಂಥ ರಾತ್ರಿಗಳು ಮರುಕಳಿಸಿದಷ್ಟೂ ಒಟ್ಟು ಅಪಾಯ ಬೆಳೆಯುತ್ತದೆ. ಆದರೂ ಸೋಂಕು ಬಂದೇಬಿಟ್ಟಿದೆ ಎಂದು ಅವರು ಕೈಚೆಲ್ಲಬೇಕಾಗಿರಲಿಲ್ಲ.

ಬಿಟ್ಟು ಬರಬಾರದೇಕೆ ಎಂದು ನಾನು ಕೇಳಲಿಲ್ಲ. ಕೇಳಿದ್ದು, ಇಂದು ಮನೆಗೆ ಮರಳುವುದು ಸುರಕ್ಷಿತವೇ ಎಂದು. ಹಿಂಸೆ ಈಚೆಗೆ ಹೆಚ್ಚಿದೆಯೇ, ಆಯುಧ ತೋರಿಸಿದ್ದಾನೆಯೇ, ಕತ್ತು ಹಿಸುಕಿದ್ದಾನೆಯೇ ಎಂದೂ ಕೇಳಿದೆ. ಕತ್ತು ಹಿಸುಕುವುದು ಮುಂದೆ ಕೊಲೆಯಾಗಬಹುದೆಂಬ ಗಂಭೀರ ಸೂಚನೆಯಾದ್ದರಿಂದ ಆ ಪ್ರಶ್ನೆಯನ್ನು ನಾನು ಎಂದೂ ಬಿಡುವುದಿಲ್ಲ. ಇಲ್ಲವೆಂದರು. ಮರಳುವ ನಿರ್ಧಾರ ಅವರದೇ ಆಗಿತ್ತು. ಜಗಳ ಏರಿದಾಗ ಹೊರಬಾಗಿಲಿಲ್ಲದ ಕೋಣೆಗೆ ಹೋಗದಿರುವುದು, ದಾಖಲೆಗಳ ಪ್ರತಿಗಳನ್ನು ಅಕ್ಕನ ಮನೆಯಲ್ಲಿಡುವುದು, ಎರಡು ದೂರವಾಣಿ ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಳ್ಳುವುದು ಎಂದು ಇಬ್ಬರೂ ಕೂತು ಯೋಜಿಸಿದೆವು. ಮಾತ್ರೆಗಳ ವಿಷಯ ಕಷ್ಟದ್ದಾಗಿತ್ತು. ಸಿಕ್ಕಿಬಿದ್ದರೆ ಮತ್ತೆ ಅದೇ ಆರೋಪ, ಅದೇ ಹೊಡೆತ. ಕೊನೆಗೆ ಅವರೇ ಕೆಲಸದ ಜಾಗದಲ್ಲಿ ಬೀಗವಿರುವ ಮೇಜಿನಲ್ಲಿಟ್ಟುಕೊಂಡು ಅಲ್ಲೇ ನುಂಗುವ ಉಪಾಯ ಕಂಡುಕೊಂಡರು. ರಜಾದಿನಗಳಿಗೆ ಬೇಕಾದಷ್ಟನ್ನು ಮಾತ್ರ ಜೊತೆಗೆ ಒಯ್ಯುತ್ತಿದ್ದರು. 28 ದಿನಗಳಲ್ಲಿ ಒಂದು ದಿನ ತಪ್ಪಿತು.

ಕಾಂಡೋಮ್ ಬಳಸಿ ಎಂದು ಎಲ್ಲರಿಗೂ ಕೊಡುವ ಸಲಹೆಯನ್ನು ಅವರ ವಿಷಯದಲ್ಲಿ ಹಿಂತೆಗೆದುಕೊಂಡೆ. ಕಾಂಡೋಮ್ ಕೇಳಿದ್ದಕ್ಕೇ ಏಟು ಬೀಳುವ ಕಡೆ ‘ತಪ್ಪದೆ ಬಳಸಿ’ ಎನ್ನುವುದು ಸಲಹೆಗಾರರ ಕರ್ತವ್ಯ ಮುಗಿಸುತ್ತದೆಯೇ ಹೊರತು ಮಹಿಳೆಯನ್ನು ಕಾಪಾಡುವುದಿಲ್ಲ. ಗಂಡನಿಗೆ ನಮ್ಮ ಕಡೆಯಿಂದ ಪರೀಕ್ಷೆಯ ಸೂಚನೆ ಕೊಡುವ ಸಾಧ್ಯತೆಯನ್ನೂ ಚರ್ಚಿಸಿದೆವು. ಹೆಸರು ಹೇಳದಿದ್ದರೂ ಅದು ಯಾರಿಂದ ಬಂತೆಂದು ಆತ ಊಹಿಸುತ್ತಾನೆ ಎಂದು ಅವರು ಬೇಡವೆಂದರು, ನಾನು ಒಪ್ಪಿದೆ. ಅವರ ಕೈಯಲ್ಲೇ ಇರುವ, ಯಾರ ಅನುಮತಿಯೂ ಬೇಡದ ದಾರಿಯೆಂದರೆ ‘ಪ್ರೆಪ್’: ಸೋಂಕಿಲ್ಲದವರು ಮುಂಚಿತವಾಗಿ ನುಂಗುವ ತಡೆ ಮಾತ್ರೆ. ಮಹಿಳೆಯರಲ್ಲಿ ಇದು ಫಲಿಸಬೇಕಾದರೆ ದಿನವೂ ತಪ್ಪಿಸಬಾರದು. ಇತರ ಲೈಂಗಿಕ ರೋಗಗಳನ್ನಾಗಲಿ ಗರ್ಭವನ್ನಾಗಲಿ ಇದು ತಡೆಯುವುದಿಲ್ಲ. ಏಟನ್ನಂತೂ ತಡೆಯುವುದೇ ಇಲ್ಲ ಎಂದು ಅವರೇ ಸೇರಿಸಿದರು. ಪೆಪ್ ಮುಗಿದಾಗ ಮಾಡಿದ ಪರೀಕ್ಷೆಯಲ್ಲಿ ಸೋಂಕು ಕಾಣದ ಕಾರಣ, ನಡುವೆ ಬಿಡುವಿಲ್ಲದೆ ವೈದ್ಯರು ಪ್ರೆಪ್ ಆರಂಭಿಸಿದರು.

ಮೂರು ತಿಂಗಳ ನಂತರದ ಪರೀಕ್ಷೆಯಲ್ಲೂ ಸೋಂಕಿಲ್ಲ. ಅವರು ಇನ್ನೂ ಅದೇ ಮನೆಯಲ್ಲಿದ್ದಾರೆ. ಕಾನೂನು ಸಲಹೆಗಾರರನ್ನು ಒಮ್ಮೆ ಕಂಡಿದ್ದಾರೆ, ಎರಡನೆಯ ಭೇಟಿಯನ್ನು ಎರಡು ಸಲ ಮುಂದೂಡಿದ್ದಾರೆ. ಈ ಸಲ ಮೂರು ತಿಂಗಳ ಮಾತ್ರೆಗಳನ್ನು ಒಟ್ಟಿಗೆ ಕೊಡಹೋದಾಗ, ಮೇಜಿನಲ್ಲಿ ಅಷ್ಟು ಜಾಗವಿಲ್ಲ, ತಿಂಗಳದ್ದಷ್ಟೇ ಸಾಕು ಎಂದರು.