ಪಾಶ್ಚರೀಕರಿಸಿದ ಅಕ್ರೋಟಿನ ಸಗಟು ಖರೀದಿ: ಪ್ರತಿಕ್ರಿಯೆ
ಬೇಯಿಸದೆ ತಯಾರಿಸುವ ಎನರ್ಜಿ ಬಾರ್‌ಗಳಿಗೆ ಪಾಶ್ಚರೀಕರಿಸಿದ (ರೋಗಾಣುಗಳು ಸಾಯುವಂತೆ ಸಂಸ್ಕರಿಸಿದ) ಅಕ್ರೋಟನ್ನು ಸಗಟಾಗಿ ಕೊಳ್ಳುವಾಗ ಪೂರೈಕೆದಾರರಿಂದ ಏನೇನು ಕೇಳಬೇಕೆಂದು ವಿಚಾರಿಸಿದ್ದೀರಿ. ಚೀಲದ ಮೇಲಿನ ಚೀಟಿಯೊಂದನ್ನೇ ನಂಬದೆ, ಅವರ ಸಂಸ್ಕರಣೆಯು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಎಷ್ಟು ಲಾಗ್ ತಗ್ಗಿಸುತ್ತದೆ ಎಂಬ ಮೌಲ್ಯೀಕರಣ ವರದಿಯನ್ನೂ (5 ಲಾಗ್ ಎಂದರೆ ಲಕ್ಷದಲ್ಲಿ ಒಂದು ಉಳಿಯುವಷ್ಟು), ಪ್ರತಿ ಲಾಟಿನ ವಿಶ್ಲೇಷಣಾ ಪ್ರಮಾಣಪತ್ರವನ್ನೂ ಪಡೆಯಿರಿ. ಸಂಸ್ಕರಿಸಿದ್ದು ಹಬೆಯಿಂದಲೋ ಪ್ರೊಪಿಲೀನ್ ಆಕ್ಸೈಡ್ ಎಂಬ ರಾಸಾಯನಿಕದ ಆವಿಯಿಂದಲೋ ಎಂಬುದು ಬರಹದಲ್ಲಿರಲಿ. ಎರಡನೆಯದಕ್ಕೆ ಐರೋಪ್ಯ ಒಕ್ಕೂಟದಲ್ಲಿ ಅನುಮತಿಯಿಲ್ಲವಾದ್ದರಿಂದ ರಫ್ತಿನ ಯೋಚನೆಯಿದ್ದರೆ ಹಬೆಯದೇ ಲೇಸು.

ನನ್ನ ದೃಷ್ಟಿಯಲ್ಲಿ ಖರೀದಿದಾರರು ಕಡೆಗಣಿಸುವುದು ಕಮಟನ್ನು. ಅಕ್ರೋಟಿನಲ್ಲಿ ಬಹು ಅಪರ್ಯಾಪ್ತ ಕೊಬ್ಬು ಹೇರಳವಾಗಿರುವುದರಿಂದ, ಅದರಲ್ಲೂ ಚೂರು ಮಾಡಿದಾಗ, ಗಾಳಿ ಮತ್ತು ಶಾಖ ತಾಗಿ ಅದು ಬೇಗ ಕೆಡುತ್ತದೆ. ಆದ್ದರಿಂದ ಪೆರಾಕ್ಸೈಡ್ ಮೌಲ್ಯ (ಕೊಬ್ಬು ಎಷ್ಟು ಕೆಡತೊಡಗಿದೆ ಎಂಬುದರ ಅಳತೆ), ತೇವಾಂಶ ಹಾಗೂ ಸಂಸ್ಕರಣೆಯ ದಿನಾಂಕವನ್ನು ನೋಡಿ, ನಿರ್ವಾತ ಅಥವಾ ನೈಟ್ರೋಜನ್ ತುಂಬಿದ ಪೊಟ್ಟಣವನ್ನೇ ಆರಿಸಿಕೊಂಡು, ಬಂದೊಡನೆ ಶೀತಲಗೃಹಕ್ಕೆ ಸೇರಿಸಿರಿ.