ಅಳಿಸುವ ಸಿನಿಮಾಗಳು ಆ ಕಣ್ಣೀರಿಗೆ ನಿಜಕ್ಕೂ ಅರ್ಹವೇ?

ಎಲ್ಲವೂ ಅಲ್ಲ. ಸಾವು, ಕಾಯಿಲೆ, ಜೊತೆಗೊಂದಿಷ್ಟು ಪಿಟೀಲು ಇದ್ದರೆ ಯಾರನ್ನಾದರೂ ಅಳಿಸಬಹುದು. ಅಳು ಬರುವ ಮೊದಲು ಸಿನಿಮಾ ಎಷ್ಟು ದುಡಿದಿದೆ ಅನ್ನುವುದನ್ನು ನಾನು ನೋಡುತ್ತೇನೆ.

1972ರ ‘ಬಂಗಾರದ ಮನುಷ್ಯ’ವನ್ನೇ ತೆಗೆದುಕೊಳ್ಳಿ. ಅಕ್ಕನ ಗಂಡ ತೀರಿಕೊಂಡ ಮೇಲೆ ರಾಜೀವ ಊರಲ್ಲೇ ನಿಂತು, ಬರಡು ನೆಲ ಹಸನು ಮಾಡಿ, ಅಕ್ಕನ ಸಂಸಾರವನ್ನು ದಡ ಸೇರಿಸುತ್ತಾನೆ. ಆ ಬೆವರನ್ನು ನಾವು ಸಿನಿಮಾದುದ್ದಕ್ಕೂ ಕಣ್ಣಾರೆ ಕಂಡಿರುತ್ತೇವೆ. ಕೊನೆಗೆ ಅಕ್ಕನ ಮಗನೇ ಅವಮಾನಿಸಿದಾಗ ಅವನು ವಾದಕ್ಕಿಳಿಯುವುದಿಲ್ಲ, ಲೆಕ್ಕ ಕೇಳುವುದಿಲ್ಲ. ಎಲ್ಲ ಬಿಟ್ಟು ಹೊರಟುಬಿಡುತ್ತಾನೆ. ಹೆಂಡತಿ ಲಕ್ಷ್ಮಿಯ ಸಾವಿಗಿಂತ ಈ ಮೌನವೇ ನನ್ನನ್ನು ಹೆಚ್ಚು ಅಳಿಸುತ್ತದೆ. ಎಷ್ಟು ಸಲ ನೋಡಿದರೂ ಅಷ್ಟೇ.

2022ರ ‘777 ಚಾರ್ಲಿ’ ಬಗ್ಗೆ ಮಾತ್ರ ನನಗೆ ಎರಡು ಮನಸ್ಸು. ಒಂಟಿ ಧರ್ಮನಿಗೆ ನಾಯಿ ಹತ್ತಿರವಾಗುವ ಭಾಗ ಪೂರ್ತಿ ನಂಬಿಕೆ ಗಳಿಸುತ್ತದೆ. ಅದಕ್ಕೆ ಕ್ಯಾನ್ಸರ್ ಎಂದು ತಿಳಿದ ಮೇಲೆ ಹಾಡುಗಳೇ ನಮ್ಮ ಪರವಾಗಿ ಅಳತೊಡಗುತ್ತವೆ. ಆದರೂ ಲಾಭಕ್ಕಾಗಿ ನಾಯಿಮರಿ ಹುಟ್ಟಿಸುವ ದಂಧೆಯ ಕ್ರೌರ್ಯವನ್ನು ತೋರಿಸುವುದರಿಂದ ಆ ದುಃಖಕ್ಕೊಂದು ಬೇರಿದೆ. ನಾಯಿ ಸಾಕಿ ಕಳೆದುಕೊಂಡವರು ನನ್ನ ಆಕ್ಷೇಪವನ್ನು ಒಪ್ಪಲಿಕ್ಕಿಲ್ಲ.