ಮಳೆ ಮಾಪಕ ಮೈನಸ್ ತೋರಿಸಿದರೆ ಮೊದಲು ಬೋರ್ಡನ್ನೇ ಕೇಳಿ

ಮೂಡಿಗೆರೆ ಅಣ್ಣ, ಆರ್ಡುಯಿನೋ ಊನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಮಾಡಿದ ಮಳೆ ಮಾಪಕ 32 ಮಿಲಿಮೀಟರ್ ತನಕ ಸರಿ ತೋರಿಸಿ, ಆಮೇಲೆ ಮೈನಸ್ 32 ಅನ್ನುತ್ತದೆ, ಅದೇ ಲೆಕ್ಕ ಲ್ಯಾಪ್‌ಟಾಪ್‌ನಲ್ಲಿ ಸರಿ ಬರುತ್ತದೆ ಅಂತ ಕೇಳಿದ್ದೀರಿ. ದಯವಿಟ್ಟು ಸೆನ್ಸರ್ ಬದಲಾಯಿಸಬೇಡಿ. ಅದು ಚೆನ್ನಾಗೇ ಇದೆ.

ಸಕಲೇಶಪುರದ ನಮ್ಮ ತೋಟದಲ್ಲೂ ಹೀಗೇ ಆಗಿತ್ತು. ಮಾಪಕವನ್ನು ಕಾಫಿ ಕಣದಲ್ಲಿಟ್ಟು, ಬಾಟಲಿ ಮುಚ್ಚಳಕ್ಕೆ ಸೂಜಿಯಲ್ಲಿ ತೂತು ಮಾಡಿ ನೀರು ಬಿಟ್ಟೆ. ಒಳಗಿನ ಪುಟ್ಟ ಬಟ್ಟಲು ಟಕ್ ಅಂತ ವಾಲಿದಾಗಲೆಲ್ಲ ಪುಸ್ತಕದಲ್ಲಿ ಒಂದು ಗೀಟು. 117ನೇ ಗೀಟಿಗೆ ಸರಿ ಇತ್ತು. 118ಕ್ಕೆ ಮೈನಸ್!

ಕಾರಣ ಇದು. ಒಂದು ಸಲ ವಾಲಿದರೆ 0.279 ಮಿಲಿಮೀಟರ್ ಅಂತ ಹಿಡಿದು, ನಿಮ್ಮ ಹಾಗೇ ನಾನೂ ಎಣಿಕೆಯನ್ನು 279ರಿಂದ ಗುಣಿಸಿ ಕೊನೆಗೆ 1000ದಿಂದ ಭಾಗಿಸಿದ್ದೆ. 118 ಸಲಕ್ಕೆ 32922 ಆಗುತ್ತದೆ. ಊನೋದಲ್ಲಿ ಇಂಟ್, ಅಂದರೆ ಪೂರ್ಣ ಸಂಖ್ಯೆ ಇಡುವ ಡಬ್ಬ, ಬರೀ 2 ಬೈಟ್, 32767 ದಾಟಿದರೆ ಅದು ಮೈನಸ್ ಕಡೆಗೆ ತಿರುಗಿಬಿಡುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಇಂಟ್ 4 ಬೈಟ್, 214 ಕೋಟಿ ದಾಟುವ ತನಕ ಚಿಂತೆಯಿಲ್ಲ. ನಮ್ಮ ತೋಟದ ಲೆಕ್ಕದಲ್ಲಿ ಈ 118 ಸಲ ಅಂದರೆ ಹೆಚ್ಚುಕಡಿಮೆ 1 ಇಂಚು 30 ಸೆಂಟ್ (1.30 ಇಂಚು) ಮಳೆ. ಕಾಫಿ ಹೂ ಅರಳಿಸುವ ಹೂ ಮಳೆ ಸಾಕಾಯ್ತೋ, ಸ್ಪ್ರಿಂಕ್ಲರ್ ಹಾಕಬೇಕೋ ಅಂತ ತೀರ್ಮಾನ ಮಾಡುವ ಜಾಗದಲ್ಲೇ ಕೈ ಕೊಡುತ್ತದೆ, ಅಲ್ವಾ?

ಹಾಗಾಗಿ ಹೊಸ ಬೋರ್ಡ್ ಬಂದ ದಿನವೇ, ಅದರ ಲೆಕ್ಕದ ಶಕ್ತಿ ಎಷ್ಟು ಅಂತ ಅದರ ಬಾಯಿಂದಲೇ ಹೇಳಿಸುವ ಚಿಕ್ಕ ಪ್ರೋಗ್ರಾಂ ಓಡಿಸಿ. ಇದೇನೂ ಹೊಸ ಯೋಚನೆ ಅಲ್ಲ. ಕಂಪ್ಯೂಟರ್ ವಿಜ್ಞಾನಿಗಳಾದ ವಿಲಿಯಂ ಕಹಾನ್ ಅವರ ಪ್ಯಾರನೋಯಾ, ಸ್ಟೀವನ್ ಪೆಂಬರ್ಟನ್ ಅವರ ಎನ್‌ಕ್ವೈರ್ ಅನ್ನುವ ಪ್ರೋಗ್ರಾಂಗಳು ಮಾಡುತ್ತಿದ್ದದ್ದು ಇದೇ ಜಾತಿಯ ಕೆಲಸ. 1985ರಲ್ಲಿ ದಶಮಾಂಶ ಬಿಂದುವಿನ ಸಂಖ್ಯೆಗಳ ಲೆಕ್ಕಕ್ಕೆ ಐಇಇಇ 754 ಅನ್ನುವ ಸಾಮಾನ್ಯ ನಿಯಮ ಬರುವ ಮೊದಲು ಒಂದೊಂದು ಕಂಪ್ಯೂಟರ್ ಒಂದೊಂದು ಥರ ಲೆಕ್ಕ ಮಾಡುತ್ತಿತ್ತು. ಕೇಳದೆ ನಂಬುವ ಹಾಗೆ ಇರಲಿಲ್ಲ.

ನಿಮಗೆ ಅಷ್ಟು ದೊಡ್ಡದು ಬೇಡ. ಸೈಜ್‌ಆಫ್ ಬಳಸಿ ಇಂಟ್, ಲಾಂಗ್ (ದೊಡ್ಡ ಪೂರ್ಣ ಸಂಖ್ಯೆಯ ಡಬ್ಬ), ಡಬಲ್ (ದಶಮಾಂಶ ಬಿಂದುವಿನ ಸಂಖ್ಯೆಯ ಡಬ್ಬ) ಎಷ್ಟೆಷ್ಟು ಬೈಟ್ ಅಂತ ಪ್ರಿಂಟ್ ಮಾಡಿಸಿ. ಆಮೇಲೆ ಒಂದು ಡಬಲ್‌ನಲ್ಲಿ 1 ಇಟ್ಟು ಅರ್ಧ ಮಾಡುತ್ತಾ ಹೋಗಿ. ಪ್ರತಿ ಸಲ ಅದನ್ನು 1ಕ್ಕೆ ಕೂಡಿಸಿ, ಮೊತ್ತ 1ಕ್ಕಿಂತ ಜಾಸ್ತಿ ಇರುವ ತನಕ ಎಣಿಸಿ. ಲ್ಯಾಪ್‌ಟಾಪ್ 52 ಅನ್ನುತ್ತದೆ. ಊನೋ 23ಕ್ಕೇ ನಿಲ್ಲುತ್ತದೆ, ಯಾಕೆಂದರೆ ಅಲ್ಲಿ ಡಬಲ್ ಅಂತ ಬರೆದರೂ ಸಿಗುವುದು 4 ಬೈಟ್‌ನ ಫ್ಲೋಟ್ ಅನ್ನುವ ಚಿಕ್ಕ ಡಬ್ಬ ಮಾತ್ರ, ಆರೇಳು ಅಂಕಿ ನಂಬಬಹುದು ಅಷ್ಟೇ. ಮೊತ್ತ ಇಡುವ ವೇರಿಯೇಬಲ್‌ಗೆ ವೊಲಟೈಲ್ ಅಂತ ಸೇರಿಸಿ, ಇಲ್ಲದಿದ್ದರೆ ಕೆಲವು ಕಡೆ ಕಂಪೈಲರ್ ಜಾಣತನ ಮಾಡಿ ಬೇರೆಯೇ ಸಂಖ್ಯೆ ಕೊಡುತ್ತದೆ.

ಈಗ ರಿಪೇರಿ. ಮಿಲಿಮೀಟರ್ ಕೂಡಿಸುತ್ತಾ ಹೋಗಬೇಡಿ, ಎಷ್ಟು ಸಲ ವಾಲಿತು ಅಂತ ಮಾತ್ರ ಎಣಿಸಿ. ಆ ಎಣಿಕೆಯನ್ನೇ ಮೈನಸ್ ಇಲ್ಲದ ಲಾಂಗ್, ಅಂದರೆ ಅನ್‌ಸೈನ್ಡ್ ಲಾಂಗ್ ಮಾಡಿ. ನಾನು ಮೊದಲು ಉತ್ತರದ ವೇರಿಯೇಬಲ್ ಒಂದನ್ನೇ ಲಾಂಗ್ ಮಾಡಿ ಒಂದು ಸಂಜೆ ಕಳೆದೆ. ಇಂಟ್‌ಗೆ ಇಂಟ್ ಗುಣಿಸಿದರೆ, ಉತ್ತರ ದೊಡ್ಡ ಡಬ್ಬಕ್ಕೆ ಬೀಳುವ ಮೊದಲೇ ಕೆಟ್ಟಿರುತ್ತದೆ.

ಬೋರ್ಡ್ ಹೇಳಿದ ನಾಲ್ಕೂ ಸಂಖ್ಯೆ ಮತ್ತು ನಿಮ್ಮ ಗುಣಾಕಾರದ ಸಾಲು ಇಲ್ಲಿ ಹಾಕಿ, ರಾತ್ರಿ ನೋಡಿ ಹೇಳುತ್ತೇನೆ.